ಮುಪ್ಪಿನಲ್ಲಿ ಬೆನ್ನಿನ ನಿಲುವು

ಮುಪ್ಪು ಬಂದಿತೆಂದರೆ ಬೆನ್ನು ಬಾಗಲೇಬೇಕು ಎಂಬ ಭಾವನೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಚಿತ್ರಗಾರನು ವೃದ್ಧನೊಬ್ಬನನ್ನು ಬರೆಯಹೊರಟರೆ ಮೊದಲು ಬಾಗಿದ ಬೆನ್ನನ್ನು ಬರೆದು, ಆಮೇಲೆ ಕೈಗೊಂದು ಊರುಗೋಲನ್ನು ಕೊಡುತ್ತಾನೆ. ನಾಟಕದಲ್ಲಿ ಮುದುಕನ ಪಾತ್ರ ವಹಿಸಿದ ಇಪ್ಪತ್ತು ವರ್ಷದ ಹುಡುಗನು ಬಾಯಿಂದ ಮಾತು ಹೊರಡುವುದಕ್ಕೆ ಮುಂಚೆಯೇ ಸೊಂಟವನ್ನು ಬಗ್ಗಿಸುತ್ತಾನೆ. ಈ ಭಾವನೆಯಿಂದ ಎರಡು ಬಗೆಯ ಕೆಡುಕುಂಟು. ಆರೋಗ್ಯವಾಗಿರುವ ವೃದ್ಧರು ಕೆಲವರು ತಮ್ಮ ಬೆನ್ನು ಯೌವನದಲ್ಲಿದ್ದಂತೆ ಇಲ್ಲವಲ್ಲ ಎಂದು ವೃಥಾ ಕಳವಳಪಟ್ಟು, ಮೈಗೆ ಹೊಂದದ ಸಾಹಸಗಳಿಗೆ ಕೈಹಾಕುತ್ತಾರೆ. ಬೇರೆ ಕೆಲವರ ಬೆನ್ನು ನಿಜವಾದ ರೋಗದಿಂದಲೇ ಬಾಗುತ್ತಿರುವಾಗ, "ವಯಸ್ಸಾಯಿತು, ಇನ್ನೇನು" ಎಂದು ಮನೆಯವರೂ, ಒಮ್ಮೊಮ್ಮೆ ರೋಗಿಯೂ ಸುಮ್ಮನಾಗುತ್ತಾರೆ. ಚಿಕಿತ್ಸೆಗೆ ಒದಗುವ ಕಾಲವು ಹೀಗೆ ಕಳೆದುಹೋಗುತ್ತದೆ. ಆರೋಗ್ಯವಂತರ ವೃದ್ಧಾಪ್ಯದಲ್ಲಿ ಬೆನ್ನಿನ ಮತ್ತು ಸೊಂಟದ ಸಹಜವಾದ ನಿಲುವು ಯಾವುದು, ರೋಗವೆಂಬುದು ಎಲ್ಲಿಂದ ಮೊದಲಾಗುತ್ತದೆ ಎಂಬುದನ್ನು ಶ್ರೋತೃಗಳ ಮುಂದೆ ಇಡುವುದೇ ಈ ಭಾಷಣದ ಉದ್ದೇಶ.

ಬೆನ್ನುಮೂಳೆ ಎಂದು ಒಂದೇ ಮಾತಿನಲ್ಲಿ ಕರೆದರೂ ಅದು ಒಂದು ಮೂಳೆಯಲ್ಲ. ಒಂದರ ಮೇಲೊಂದು ಕೂಡಿಸಿಟ್ಟ ಮಣಿಗಳ ಸಾಲು. ಹುಟ್ಟುವಾಗ ಈ ಮಣಿಗಳ ಸಂಖ್ಯೆ ಸಾಮಾನ್ಯವಾಗಿ ೩೩. ಕುತ್ತಿಗೆಯಲ್ಲಿ ೭, ಪಕ್ಕೆಲುಬುಗಳು ಬಂದು ಕೂಡುವ ಎದೆಯ ಭಾಗದಲ್ಲಿ ೧೨, ಸೊಂಟದಲ್ಲಿ ೫, ಹೀಗೆ ೨೪ ಮಣಿಗಳು ಬಿಡಿಬಿಡಿಯಾಗಿದ್ದು ಚಲಿಸತಕ್ಕವು. ಇವುಗಳ ಕೆಳಗಿನ ೫ ಮಣಿಗಳು ಪ್ರಾಯಕ್ಕೆ ಬರುವ ವೇಳೆಗೆ ಒಂದಕ್ಕೊಂದು ಬೆಸೆದುಕೊಂಡು ತ್ರಿಕಾಸ್ಥಿಯೆಂಬ ಒಂದೇ ಮೂಳೆಯಾಗುತ್ತವೆ. ಅದರ ತುದಿಯಲ್ಲಿರುವ ನಾಲ್ಕು ಪುಟ್ಟ ಮಣಿಗಳು ಬಾಲದ ಮೂಳೆಯೆನಿಸುತ್ತವೆ. ಚಲಿಸುವ ಮಣಿಗಳ ನಡುವೆ ಮೃದ್ವಸ್ಥಿಯ ಬಿಲ್ಲೆಗಳಿವೆ. ಇವು ಒಟ್ಟು ೨೩. ಬೆನ್ನುಮೂಳೆಯ ಉದ್ದದಲ್ಲಿ ಸುಮಾರು ಕಾಲುಭಾಗವು ಈ ಬಿಲ್ಲೆಗಳದೇ ಆಗಿದೆ. ಈ ಒಂದು ಅಂಶವನ್ನು ನೆನಪಿನಲ್ಲಿಟ್ಟುಕೊಂಡರೆ ವಯಸ್ಸಿನಲ್ಲಿ ನಾವು ಏಕೆ ಕುಳ್ಳಾಗುತ್ತೇವೆಂಬುದು ಮುಂದೆ ಸುಲಭವಾಗಿ ತಿಳಿಯುತ್ತದೆ.

ಈ ಸಾಲು ಮುಂದಿನಿಂದ ನೋಡಿದರೆ ನೆಟ್ಟಗೆ ಕಾಣುತ್ತದೆ. ಪಕ್ಕದಿಂದ ನೋಡಿದರೆ ಅದರಲ್ಲಿ ಬಳುಕುಗಳಿವೆ. ತಾಯಿಯ ಗರ್ಭದಲ್ಲಿ ಮುದುಡಿಕೊಂಡಿರುವ ಶಿಶುವಿನ ಬೆನ್ನಿಗೆ ಬಿಲ್ಲಿನಂತೆ ಒಂದೇ ಹೊರಬಾಗು. ಕೂಸು ತಲೆಯೆತ್ತಿ ನೋಡಲು ಕಲಿತಾಗ ಕುತ್ತಿಗೆಯಲ್ಲಿ ಒಳಬಾಗು ಬಲಗೊಳ್ಳುತ್ತದೆ. ಅದು ಎದ್ದು ನಿಂತು ಹೆಜ್ಜೆಯಿಡತೊಡಗಿದಾಗ ಸೊಂಟದಲ್ಲಿಯೂ ಒಳಬಾಗು ಏರ್ಪಡುತ್ತದೆ. ಎದೆಯ ಭಾಗದಲ್ಲಿ ಮಾತ್ರ ಹುಟ್ಟಿನ ಹೊರಬಾಗು ಹಾಗೆಯೇ ಉಳಿಯುತ್ತದೆ. ಎರಡು ಕಾಲಿನ ಮೇಲೆ ನೆಟ್ಟಗೆ ನಿಂತು ನಡೆಯುವುದು ಮನುಷ್ಯನಿಗೆ ಸಾಧ್ಯವಾದದ್ದು ಸೊಂಟದ ಈ ಒಳಬಾಗಿನಿಂದಲೇ ಎಂದರೆ ಹೆಚ್ಚಾಗದು. ಮುಪ್ಪಿನಲ್ಲಿ ಮೊದಲು ಕೈಬಿಡುವುದೂ ಕಷ್ಟಪಟ್ಟು ಗಳಿಸಿದ ಈ ಒಳಬಾಗೇ ಆಗಿದೆ.

ಇಷ್ಟು ದೊಡ್ಡ ಸಾಲು ಯಾವುದರ ಮೇಲೆ ನಿಂತಿದೆ? ಸೊಂಟದ ಮೂಳೆಗಳು ಕೂಡಿ ಆದ, ಬೋಗುಣಿಯಂತಿರುವ ಶ್ರೋಣಿಯ ಮೇಲೆ. ತ್ರಿಕಾಸ್ಥಿಯು ಈ ಬೋಗುಣಿಯ ಹಿಂಗೋಡೆ. ಅದರ ಮೇಲ್ಮೈ ಮಟ್ಟಸವಾಗಿಲ್ಲ, ಮುಂದಕ್ಕೆ ಇಳಿಜಾರಾಗಿದೆ. ಬೋಗುಣಿಯು ಎರಡು ತೊಡೆಗಳ ಕೀಲುಗಳ ಮೇಲೆ ತಕ್ಕಡಿಯ ದಂಡಿಗೆಯ ಹಾಗೆ ಮುಂದಕ್ಕೂ ಹಿಂದಕ್ಕೂ ವಾಲಬಲ್ಲದು. ತಳಪಾಯದ ಇಳಿಜಾರು ಹೆಚ್ಚಾದಷ್ಟೂ ಅದರ ಮೇಲಿನ ಸಾಲು ಮುಂದಕ್ಕೆ ಬೀಳದಿರಲು ಸೊಂಟದಲ್ಲಿ ಹೆಚ್ಚಾಗಿ ಹಿಂದಕ್ಕೆ ಬಳುಕಬೇಕಾಗುತ್ತದೆ. ಬೆನ್ನಿನ ನಿಲುವನ್ನು ಕುರಿತ ವಿಚಾರವು ಶ್ರೋಣಿಯಿಂದಲೇ ಆರಂಭವಾಗಬೇಕೆಂದು ವೈದ್ಯರು ಹೇಳುವುದು ಈ ಕಾರಣದಿಂದ.

ಈ ವಿಚಾರವನ್ನು ಲೆಕ್ಕದ ಭಾಷೆಗೆ ತಂದವರಲ್ಲಿ ಫ್ರಾನ್ಸ್ ದೇಶದ ವೈದ್ಯೆ ಜಿನೆಟ್ ಡ್ಯುವಾಲ್-ಬೊಪೇರ್ ಮುಖ್ಯರಾದವರು. ದೇಹದ ಒಂದೊಂದು ಹೋಳಿನ ತೂಕವನ್ನೂ ಕಿರಣಗಳ ಸಹಾಯದಿಂದ ಅಳೆದು, ಅದು ಎಲ್ಲಿ ಆನಿಕೊಂಡಿದೆಯೆಂಬುದನ್ನು ಶೋಧಿಸಿದ ಆಕೆಯೂ ಆಕೆಯ ಜೊತೆಗಾರರೂ ೧೯೯೨ರಲ್ಲಿ ಒಂದು ಕೋನವನ್ನು ವಿದ್ವಾಂಸರ ಮುಂದಿಟ್ಟರು. ಅದನ್ನು ನಾವು ಶ್ರೋಣಿಕೋನ ಎಂದು ಕರೆಯೋಣ. ತ್ರಿಕಾಸ್ಥಿಯ ಮೇಲ್ಮೈಗೂ ತೊಡೆಯ ಕೀಲುಗಳಿಗೂ ಇರುವ ಸಂಬಂಧವನ್ನು ಇದು ಸೂಚಿಸುತ್ತದೆ. ಇದರ ವಿಶೇಷವೇನೆಂದರೆ, ಮನುಷ್ಯನು ನಿಂತರೂ ಕುಳಿತರೂ ಮಲಗಿದರೂ ಈ ಕೋನವು ಹೆಚ್ಚುಕಡಮೆ ಬದಲಾಗುವುದಿಲ್ಲ. ಬೆಳವಣಿಗೆ ಮುಗಿದ ಮೇಲೆ ಅದು ಅವನ ಅಂಗೈಯ ಗೆರೆಯಂತೆ ಅವನದೇ ಆಗಿ ಉಳಿಯುತ್ತದೆ. ಆದರೆ ಒಬ್ಬರಿಂದೊಬ್ಬರಿಗೆ ವ್ಯತ್ಯಾಸವು ಬಹಳ. ಸುಮಾರು ೩೫ ಡಿಗ್ರಿಯಿಂದ ೮೫ ಡಿಗ್ರಿಯವರೆಗೂ ಇರಬಹುದು. ಸರಾಸರಿಯು ೫೦ರ ಆಸುಪಾಸು.

ಈ ಶ್ರೋಣಿಕೋನವು ಎರಡು ಅಳತೆಗಳ ಮೊತ್ತ. ಒಂದು, ತ್ರಿಕಾಸ್ಥಿಯ ಮೇಲ್ಮೈಯ ಇಳಿಜಾರು. ಮತ್ತೊಂದು, ಶ್ರೋಣಿಯು ಹಿಂದಕ್ಕೆ ಉರುಳಿರುವ ವಾಲು. ಮೊತ್ತವು ಬದಲಾಗದಿರುವುದರಿಂದ, ಒಂದು ಹೆಚ್ಚಿದರೆ ಮತ್ತೊಂದು ಅಷ್ಟೇ ತಗ್ಗಲೇಬೇಕು. ಕೋನವು ೫೦ ಡಿಗ್ರಿಯಿರುವ ಒಬ್ಬರಲ್ಲಿ ಯೌವನದಲ್ಲಿ ಇಳಿಜಾರು ೩೮, ವಾಲು ೧೨ ಇತ್ತೆನ್ನೋಣ. ಎಪ್ಪತ್ತರ ವಯಸ್ಸಿನಲ್ಲಿ ವಾಲು ೨೦ಕ್ಕೆ ಏರಿದರೆ ಇಳಿಜಾರು ೩೦ಕ್ಕೆ ಇಳಿದಿರುತ್ತದೆ. ಇನ್ನೊಂದು ಮಾತು. ಸೊಂಟದ ಒಳಬಾಗು ಎಷ್ಟಿರಬೇಕೆಂಬುದೂ ಈ ಕೋನವನ್ನೇ ಅವಲಂಬಿಸಿದೆ. ಪ್ರಾಯದವರಲ್ಲಿ ಎರಡೂ ಸುಮಾರು ಹತ್ತು ಡಿಗ್ರಿಯ ವ್ಯತ್ಯಾಸದೊಳಗೆ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಆದಕಾರಣ ೪೫ ಡಿಗ್ರಿಯ ಒಳಬಾಗು ಒಬ್ಬನಿಗೆ ಸಮೃದ್ಧವಾಗಿಯೂ, ಶ್ರೋಣಿಕೋನವು ೭೦ ಇರುವ ಇನ್ನೊಬ್ಬನಿಗೆ ತೀರ ಕೊರತೆಯಾಗಿಯೂ ಇರಬಹುದು. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಂದದಂತೆ ಎಲ್ಲರಿಗೂ ಒಂದೇ ಬಗೆಯ ನೆಟ್ಟನೆಯ ಬೆನ್ನು ಹೊಂದಲಾರದು. ನೆರೆಮನೆಯವರ ನಿಲುವನ್ನು ನೋಡಿ ತಮ್ಮದನ್ನು ಹಳಿದುಕೊಳ್ಳುವವರು ಇದನ್ನು ಮನಗಾಣಬೇಕು.

ಇಷ್ಟೆಲ್ಲ ಹೊಂದಾಣಿಕೆಯ ಪ್ರಯೋಜನವು ಮಿತವ್ಯಯ. ಫ್ರಾನ್ಸಿನ ಶಸ್ತ್ರವೈದ್ಯ ಜ್ಯಾಂ ದ್ಯುಬೂಸೆ ೧೯೯೪ರಲ್ಲಿ ಇದನ್ನು ಒಂದು ಸುಂದರವಾದ ಹೋಲಿಕೆಯಿಂದ ವಿವರಿಸಿದರು. ತುದಿಯು ಪಾದಗಳ ಬಳಿಯಲ್ಲಿಯೂ ಅಗಲವಾದ ಬಾಯಿ ಮೇಲುಗಡೆಗೂ ಇರುವ ಒಂದು ಆಲಿಕೆಯನ್ನು ಕಲ್ಪಿಸಿಕೊಳ್ಳಿರಿ. ನಿಂತಿರುವ ಮನುಷ್ಯನು ಅದರೊಳಗೆ ತುಸುತುಸುವೇ ತೂಗಾಡುತ್ತಿರುತ್ತಾನೆ. ಆಲಿಕೆಯ ನಡುವೆ ಇರುವವರೆಗೆ ಸ್ನಾಯುಗಳಿಗೆ ಶ್ರಮ ಕಡಮೆ. ಅದರ ಅಂಚಿಗೆ ಸರಿದಷ್ಟೂ ಬೆನ್ನಿನ, ಪಿರ್ರೆಯ, ತೊಡೆಯ ಸ್ನಾಯುಗಳು ಬಿಗಿಹಿಡಿದು ದುಡಿಯಬೇಕಾಗುತ್ತದೆ. ಅಂಚನ್ನು ದಾಟಿದರೆ ಕೋಲು ಬೇಕು, ಇಲ್ಲವೆ ಗೋಡೆ ಬೇಕು. ಬೆನ್ನು ನೆಟ್ಟಗಿದೆಯೇ ಎಂಬ ಪ್ರಶ್ನೆಗಿಂತ, ಎಷ್ಟು ಶ್ರಮದಿಂದ ನಿಂತಿದೆ ಎಂಬ ಪ್ರಶ್ನೆಯೇ ವೈದ್ಯರಿಗೆ ಮುಖ್ಯ.

ಇನ್ನು ವಯಸ್ಸಿನ ಕೆಲಸವನ್ನು ನೋಡೋಣ. ಬಿಲ್ಲೆಗಳ ನಡುವಿನ ತಿರುಳಿನಲ್ಲಿ ಯೌವನದಲ್ಲಿ ನೀರು ತುಂಬಿರುತ್ತದೆ. ವರ್ಷಗಳು ಕಳೆದಂತೆ ಅದು ಆರುತ್ತ ಬಂದು ಬಿಲ್ಲೆಯು ತೆಳುವಾಗುತ್ತದೆ. ನಲವತ್ತರ ಅನಂತರ ಹತ್ತು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಂತೆ ಎತ್ತರವು ತಗ್ಗುವುದಕ್ಕೆ ಇದೊಂದು ಕಾರಣ. ಎಪ್ಪತ್ತರ ಮೇಲೆ ಈ ವೇಗವು ಇನ್ನೂ ಹೆಚ್ಚುತ್ತದೆ. ಬೆನ್ನಿನ ಉದ್ದಕ್ಕೂ ಇರುವ ಸ್ನಾಯುಗಳು ಕೃಶವಾಗಿ ಅವುಗಳ ನಡುವೆ ಕೊಬ್ಬು ಸೇರುತ್ತದೆ. ಸೊಂಟದ ಒಳಬಾಗು ಕುಗ್ಗುತ್ತದೆ; ಎದೆಯ ಹೊರಬಾಗು ಹೆಚ್ಚುತ್ತದೆ. ಪ್ರಾಯದವರಲ್ಲಿ ಸಾಮಾನ್ಯವಾಗಿ ೨೦ರಿಂದ ೪೦ ಡಿಗ್ರಿಯೊಳಗಿರುವ ಈ ಹೊರಬಾಗು ಐವತ್ತೈದು ದಾಟಿದ ಹೆಂಗಸರಲ್ಲಿ ಸರಾಸರಿ ೪೩, ಎಪ್ಪತ್ತೈದು ದಾಟಿದವರಲ್ಲಿ ಸರಾಸರಿ ೫೨ ಡಿಗ್ರಿಯ ಸಮೀಪದಲ್ಲಿ ಇರುವುದು ಕಂಡುಬಂದಿದೆ.

ದೇಹವು ಈ ಬದಲಾವಣೆಯನ್ನು ಸುಮ್ಮನೆ ಸಹಿಸಿಕೊಂಡಿರುವುದಿಲ್ಲ. ಭಾರವು ಮುಂದಕ್ಕೆ ಸರಿದರೆ ಶ್ರೋಣಿಯು ಹಿಂದಕ್ಕೆ ಉರುಳಿ ಅದನ್ನು ಸರಿದೂಗಿಸುತ್ತದೆ. ಅದು ಸಾಲದಾದಾಗ ಮೊಣಕಾಲುಗಳು ಅರೆಬಾಗುತ್ತವೆ. ದೃಷ್ಟಿಯು ನೆಲಕ್ಕಿಳಿಯದಂತೆ ಕುತ್ತಿಗೆಯು ಹಿಂದಕ್ಕೆ ಒರಗುತ್ತದೆ. ದಾರಿಯಲ್ಲಿ ಹೋಗುತ್ತಿರುವ ಹಿರಿಯರೊಬ್ಬರು ಪಿರ್ರೆಗಳನ್ನು ಒಳಕ್ಕೆಳೆದುಕೊಂಡು, ಮಂಡಿಗಳನ್ನು ಸ್ವಲ್ಪ ಮಡಿಸಿ, ಗಲ್ಲವನ್ನೆತ್ತಿ ನಡೆಯುತ್ತಿದ್ದರೆ, ಅವರ ದೇಹವು ತಿಳಿಯದಂತೆಯೇ ಇಷ್ಟೊಂದು ಲೆಕ್ಕವನ್ನು ಮಾಡಿ ಮುಗಿಸಿದೆಯೆಂದು ಅರ್ಥ.

ಹಾಗಾದರೆ ಸಹಜವಾದುದಕ್ಕೆ ಮೇರೆ ಯಾವುದು? ಗೋಡೆ ಕಟ್ಟುವವನು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುವಂತೆ, ವೈದ್ಯರು ಕ್ಷ-ಕಿರಣದ ಚಿತ್ರದಲ್ಲಿ ಕುತ್ತಿಗೆಯ ಏಳನೆಯ ಮಣಿಯಿಂದ ಒಂದು ಲಂಬರೇಖೆಯನ್ನು ಇಳಿಸುತ್ತಾರೆ. ಅದು ತ್ರಿಕಾಸ್ಥಿಯ ಹಿಂಬದಿಯ ಮೂಲೆಯಿಂದ ಮುಂದಕ್ಕೆ ೫ ಸೆಂಟಿಮೀಟರಿಗಿಂತ ಹೆಚ್ಚು ಸರಿದಿದ್ದರೆ ದೋಷವೆಂದು ಬಹುಕಾಲ ಎಣಿಸುತ್ತಿದ್ದರು. ಎಲ್ಲ ವಯಸ್ಸಿನವರಿಗೂ ಒಂದೇ ಮೇರೆ ಸಲ್ಲದೆಂಬುದು ಅನಂತರ ಸ್ಪಷ್ಟವಾಯಿತು. ಬೆನ್ನಿನ ಶಸ್ತ್ರಚಿಕಿತ್ಸೆಯ ಗುರಿಯನ್ನು ನಿರ್ಧರಿಸುವುದಕ್ಕಾಗಿ ಅಮೆರಿಕದಲ್ಲಿ ನಡೆದು ೨೦೧೬ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಆಯಾ ವಯಸ್ಸಿನವರ ಸಾಮಾನ್ಯ ಕಾರ್ಯಶಕ್ತಿಗೆ ಹೊಂದುವ ನಿಲುವನ್ನು ಲೆಕ್ಕಹಾಕಿತು. ಮೂವತ್ತೈದರ ಒಳಗಿನವರಿಗೆ ಲಂಬರೇಖೆಯು ಅರ್ಧ ಸೆಂಟಿಮೀಟರಿನಷ್ಟೂ ಮುಂದೆ ಬಾರದಿದ್ದರೆ, ಎಪ್ಪತ್ತೈದು ದಾಟಿದವರಿಗೆ ಅದು ಸುಮಾರು ೮ ಸೆಂಟಿಮೀಟರು ಮುಂದಿರುವುದು ತಕ್ಕದ್ದೆಂದು ಬಂದಿತು. ಶ್ರೋಣಿಯ ವಾಲೂ ಸುಮಾರು ೧೧ ಡಿಗ್ರಿಯಿಂದ ೨೮ ಡಿಗ್ರಿಯವರೆಗೆ ಏರಿತು. ಎಂಬತ್ತರ ಮುದುಕರನ್ನು ಇಪ್ಪತ್ತೈದರ ಸಿಪಾಯಿಯಂತೆ ನಿಲ್ಲಿಸಬೇಕೆಂಬ ಹಟವು ಶಸ್ತ್ರವೈದ್ಯರಿಗೇ ಬೇಡವೆಂದ ಮೇಲೆ ನಮಗೇಕೆ?

ಇಷ್ಟರಿಂದ ಎಲ್ಲ ಬಾಗುವಿಕೆಯೂ ನಿರಪಾಯವೆಂದು ತಿಳಿಯಬಾರದು. ಅಮೆರಿಕದ ರ್‍ಯಾಂಚೊ ಬರ್ನಾರ್ಡೊ ಎಂಬ ಊರಿನ ವೃದ್ಧರನ್ನು ಕುರಿತು ೨೦೦೪ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಹು ಸರಳವಾದ ಉಪಾಯವೊಂದನ್ನು ಅನುಸರಿಸಿದರು. ವೃದ್ಧರನ್ನು ಮಟ್ಟಸವಾದ ಹಾಸಿನ ಮೇಲೆ ಅಂಗಾತನೆ ಮಲಗಿಸಿ, ತಲೆ ನೇರವಾಗಿ ನಿಲ್ಲಬೇಕಾದರೆ ಅದರ ಕೆಳಗೆ ೧.೭ ಸೆಂಟಿಮೀಟರು ದಪ್ಪದ ಮರದ ತುಂಡುಗಳು ಎಷ್ಟು ಬೇಕೆಂದು ಎಣಿಸಿದರು. ಒಂದಾದರೂ ತುಂಡು ಬೇಕಾದವರಲ್ಲಿ ಮುಂದಿನ ವರ್ಷಗಳ ಮರಣದ ಪ್ರಮಾಣವು ಇತರರಿಗಿಂತ ಸುಮಾರು ಒಂದೂವರೆ ಪಟ್ಟಿನಷ್ಟಿತ್ತು. ಬಾಗೇ ಮರಣಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ; ಆದರೆ ಅದನ್ನು ಅಲಕ್ಷಿಸಬಾರದೆಂಬ ಎಚ್ಚರಿಕೆ ಇದರಲ್ಲಿದೆ.

ಅಲಕ್ಷಿಸಬಾರದ ಕಾರಣಗಳಲ್ಲಿ ಮೊದಲನೆಯದು ಮೂಳೆಯ ಸವೆತ. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚಾಗಿಯೂ ಗಂಡಸರಲ್ಲಿ ತಡವಾಗಿಯೂ ಮೂಳೆಗಳು ಟೊಳ್ಳಾಗುತ್ತವೆ. ಆಗ ನೀರಿನ ಬಿಂದಿಗೆಯನ್ನೆತ್ತಿದಷ್ಟಕ್ಕೇ ಬೆನ್ನುಮಣಿಯ ಮುಂಭಾಗವು ಕುಸಿದು, ಮಣಿಯು ಬೆಣೆಯ ಆಕಾರವನ್ನು ತಾಳಬಹುದು. ವಿಚಿತ್ರವೇನೆಂದರೆ ಇಂಥ ಕುಸಿತಗಳಲ್ಲಿ ಸುಮಾರು ಮೂರರಲ್ಲೊಂದು ಮಾತ್ರ ಆ ಕಾಲದಲ್ಲಿ ವೈದ್ಯರ ಗಮನಕ್ಕೆ ಬರುತ್ತದೆ. ಉಳಿದುವು ಸದ್ದಿಲ್ಲದೆ ಆಗಿಹೋಗುತ್ತವೆ, ಇಲ್ಲವೆ ಉಳುಕೆಂಬ ಹೆಸರಿನಲ್ಲಿ ಮುಚ್ಚಿಹೋಗುತ್ತವೆ. ಒಂದು ಮಣಿ ಕುಸಿದವರಲ್ಲಿ ಮತ್ತೊಂದು ಕುಸಿಯುವ ಅಪಾಯವು ಹೆಚ್ಚು. ಆದುದರಿಂದ ಮೊದಲನೆಯದನ್ನು ಗುರುತಿಸಿ ಮೂಳೆಗೆ ಬಲಕೊಡುವ ಔಷಧವನ್ನು ಆರಂಭಿಸುವುದರಲ್ಲಿಯೇ ಮುಂದಿನ ಹತ್ತಾರು ವರ್ಷಗಳ ಕ್ಷೇಮವಿದೆ. ಹಾಗೆಂದು ಗೂನಾದವರಿಗೆಲ್ಲ ಮಣಿ ಕುಸಿದಿದೆಯೆಂದು ಹೆದರಬೇಕಾಗಿಯೂ ಇಲ್ಲ; ಬಾಗು ಅತ್ಯಧಿಕವಾಗಿರುವ ವೃದ್ಧರಲ್ಲಿಯೂ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಂದಿಯಲ್ಲಿ ಮಾತ್ರ ಅದು ಕಂಡುಬಂದಿದೆ. ಉಳಿದವರಲ್ಲಿ ಬಿಲ್ಲೆಗಳೂ ಸ್ನಾಯುಗಳೂ ಕಾರಣ.

ಎರಡನೆಯದು ನರನಾಳವು ಕಿರಿದಾಗುವುದು. ಇಂಥವರಿಗೆ ನೆಟ್ಟಗೆ ನಿಂತರೂ ಸ್ವಲ್ಪ ದೂರ ನಡೆದರೂ ಕಾಲುಗಳಲ್ಲಿ ಜೋಮು, ಸೆಳೆತ. ಮುಂದಕ್ಕೆ ಬಗ್ಗಿದರೆ ಅಥವಾ ಕುಳಿತರೆ ಆರಾಮ. ಇವರ ಬಾಗುವಿಕೆ ದೇಹವು ತಾನೇ ಕಂಡುಕೊಂಡ ಚಿಕಿತ್ಸೆ. "ನೆಟ್ಟಗೆ ನಿಲ್ಲಿ" ಎಂದು ಮನೆಯವರು ಗದರಿಸುವುದರಿಂದ ಹಾನಿಯೇ ಹೊರತು ಲಾಭವಿಲ್ಲ. ಮೂರನೆಯದು ಕೆಲಸದ ರೀತಿ. ಜಪಾನಿನಲ್ಲಿ ತಕೆಮಿತ್ಸು ಮತ್ತು ಅವರ ಜೊತೆಗಾರರು ೧೯೮೮ರಲ್ಲಿ ಸೊಂಟವೇ ಹೊರಬಾಗಿದ ನಡುವಯಸ್ಸಿನ ಮತ್ತು ಇಳಿವಯಸ್ಸಿನ ರೋಗಿಗಳನ್ನು ಕುರಿತು ಬರೆದರು. ದೀರ್ಘಕಾಲ ಬಗ್ಗಿ ದುಡಿಯುವ ಬೇಸಾಯಗಾರ ಹೆಂಗಸರಲ್ಲಿ ಇದು ಹೆಚ್ಚೆಂದು ಜಪಾನಿನಲ್ಲಿಯೂ ಕೊರಿಯದಲ್ಲಿಯೂ ಕಂಡುಬಂದಿದೆ. ಅವರ ಬೆನ್ನಿನ ಸ್ನಾಯುಗಳು ಸೋತು ಸೊರಗಿರುತ್ತವೆ. ಗದ್ದೆಯಲ್ಲಿ ನಾಟಿ ಹಾಕುವ, ಗಿಡ್ಡ ಪೊರಕೆಯಿಂದ ಅಂಗಳ ಗುಡಿಸುವ ನಮ್ಮ ಹೆಂಗಸರ ವಿಷಯದಲ್ಲಿಯೂ ಇದು ಯೋಚಿಸಬೇಕಾದ ಮಾತು. ಪೊರಕೆಗೆ ಉದ್ದನೆಯ ಹಿಡಿ ಹಾಕಿಸುವುದಕ್ಕೆ ಹೆಚ್ಚು ಹಣ ಬೇಕಾಗುವುದಿಲ್ಲ.

ಮನೆಯಲ್ಲಿಯೇ ಮಾಡಬಹುದಾದ ಮೂರು ಪರೀಕ್ಷೆಗಳನ್ನು ಹೇಳುತ್ತೇನೆ. ಹಿಮ್ಮಡಿಗಳನ್ನೂ ಬೆನ್ನನ್ನೂ ಗೋಡೆಗೆ ತಗಲಿಸಿ, ಗಲ್ಲವನ್ನೆತ್ತದೆ ನಿಂತಾಗ ತಲೆಯ ಹಿಂಭಾಗವು ಗೋಡೆಯನ್ನು ಮುಟ್ಟುತ್ತದೆಯೇ ಎಂದು ನೋಡುವುದು ಒಂದು. ಪಕ್ಕದಲ್ಲಿ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಅಂಚಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಎಡೆಯಿದೆಯೇ ಎಂಬುದು ಎರಡನೆಯದು. ಯೌವನದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರಿಗೂ ಹೆಚ್ಚು ತಗ್ಗಿದೆಯೇ ಎಂಬುದು ಮೂರನೆಯದು. ಇವುಗಳಲ್ಲಿ ಒಂದರಲ್ಲಿಯಾದರೂ ಸಂಶಯ ಹುಟ್ಟಿದರೆ ವೈದ್ಯರಿಗೆ ತೋರಿಸಿ ಕ್ಷ-ಕಿರಣದ ಚಿತ್ರವನ್ನೂ ಮೂಳೆಯ ಸಾಂದ್ರತೆಯ ಪರೀಕ್ಷೆಯನ್ನೂ ಮಾಡಿಸುವುದು ವಿವೇಕ. ಹಠಾತ್ತಾಗಿ ಹುಟ್ಟಿದ ತೀವ್ರವಾದ ನೋವು, ಜ್ವರದೊಡನೆ ಅಥವಾ ತೂಕ ಇಳಿಯುವುದರೊಡನೆ ಕೂಡಿದ ನೋವು, ಕಾಲುಗಳ ನಿತ್ರಾಣ, ಮಲಮೂತ್ರಗಳ ಮೇಲೆ ಹಿಡಿತ ತಪ್ಪುವುದು, ಇವು ಕಂಡರೆ ಒಂದು ದಿನವೂ ತಡಮಾಡಬಾರದು.

ಕೊನೆಯದಾಗಿ ವ್ಯಾಯಾಮದ ಮಾತು. ಯೋಗಾಸನಗಳಲ್ಲಿ ಶ್ರದ್ಧೆಯುಳ್ಳ ನಮ್ಮ ನಾಡಿನವರು ಇದನ್ನು ಗಮನವಿಟ್ಟು ಕೇಳಬೇಕು. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಮೆಹರ್‌ಶೀದ್ ಸಿನಾಕಿ ಮತ್ತು ಮಿಕೆಲ್ಸನ್ ಎಂಬುವರು ಮೂಳೆ ಸವೆತವಿದ್ದ ೫೯ ಮಂದಿ ಹೆಂಗಸರನ್ನು ಪರಿಶೀಲಿಸಿ ೧೯೮೪ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬೆನ್ನನ್ನು ಹಿಂದಕ್ಕೆ ಎತ್ತುವ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ ೧೬ ಮಂದಿಗೆ ಹೊಸದಾಗಿ ಮಣಿ ಕುಸಿದಿತ್ತು; ಮುಂದಕ್ಕೆ ಬಗ್ಗುವ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ ೮೯; ಯಾವ ವ್ಯಾಯಾಮವನ್ನೂ ಮಾಡದವರಲ್ಲಿ ನೂರಕ್ಕೆ ೬೭. ತಪ್ಪು ವ್ಯಾಯಾಮಕ್ಕಿಂತ ಸುಮ್ಮನಿದ್ದುದೇ ಮೇಲಾಯಿತು. ಸಂಖ್ಯೆ ಚಿಕ್ಕದಾದರೂ ಇದು ಮರೆಯತಕ್ಕ ಪಾಠವಲ್ಲ. ಮೂಳೆ ಸವೆದವರಿಗೆ ಪಶ್ಚಿಮೋತ್ತಾನಾಸನ, ಹಲಾಸನಗಳಂತೆ ಬೆನ್ನನ್ನು ಮುಂದಕ್ಕೆ ಬಲವಾಗಿ ಮಡಿಸುವ ಆಸನಗಳು ಸಲ್ಲವು. ಬೋರಲಾಗಿ ಮಲಗಿ ಎದೆಯನ್ನು ಮೆಲ್ಲಗೆ ಎತ್ತುವಂಥವು, ಅನುಭವಸ್ಥರ ಸಲಹೆಯಂತೆ, ಒಳ್ಳೆಯವು. ಎರಡು ವರ್ಷ ಬೆನ್ನಿನ ಸ್ನಾಯುಗಳನ್ನು ಬಲಪಡಿಸಿಕೊಂಡ ಹೆಂಗಸರಿಗೆ, ವ್ಯಾಯಾಮ ನಿಲ್ಲಿಸಿ ಎಂಟು ವರ್ಷಗಳಾದ ಮೇಲೆಯೂ ರಕ್ಷಣೆ ಉಳಿದಿತ್ತೆಂದು ಸಿನಾಕಿಯವರು ೨೦೦೨ರಲ್ಲಿ ತೋರಿಸಿದರು. ವ್ಯಾಯಾಮ ಮಾಡದವರಲ್ಲಿ ಮಣಿ ಕುಸಿಯುವ ಅಪಾಯವು ಅವರ ಎರಡೂವರೆ ಪಟ್ಟಿಗೂ ಹೆಚ್ಚಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅರವತ್ತು ದಾಟಿದವರು ಆರು ತಿಂಗಳು ಕ್ರಮವಾಗಿ ವ್ಯಾಯಾಮ ಮಾಡಿದಾಗ ಎದೆಯ ಹೊರಬಾಗು ಸುಮಾರು ೩ ಡಿಗ್ರಿ ತಗ್ಗಿತೆಂದು ೨೦೧೭ರಲ್ಲಿ ವರದಿಯಾಯಿತು. ಮೂರು ಡಿಗ್ರಿ ಅಲ್ಪವೇ. ಆದರೆ ಅರವತ್ತರ ಮೇಲೆ ಬೆನ್ನು ಹಿಂದಕ್ಕೆ ಬರಲಾರದೆಂಬ ಮಾತು ಸುಳ್ಳೆಂದು ತೋರಿಸುವುದಕ್ಕೆ ಅದು ಸಾಕು.

ಇದರೊಡನೆ ತೊಡೆಯ ಕೀಲುಗಳು ಹಿಂದಕ್ಕೆ ಚಾಚುವ ಶಕ್ತಿಯನ್ನು ಉಳಿಸಿಕೊಳ್ಳಬೇಕು. ಶ್ರೋಣಿಯು ಹಿಂದಕ್ಕುರುಳಿ ಭಾರವನ್ನು ಸರಿದೂಗಿಸುವುದು ಆ ಶಕ್ತಿಯಿಂದಲೇ. ದಿನವೆಲ್ಲ ಕುರ್ಚಿಯಲ್ಲಿ ಕುಳಿತಿರುವವರಿಗೆ ಅದು ಕುಗ್ಗುತ್ತದೆ; ನಡಿಗೆಯಿಂದ ಉಳಿಯುತ್ತದೆ. ಬಿಸಿಲಿಗೆ ಮೈಯೊಡ್ಡುವುದು, ಹಾಲು ಮೊಸರು ರಾಗಿಗಳ ಸೇವನೆ ಮೂಳೆಗೆ ಹಿತ. ಊರುಗೋಲನ್ನು ಹಿಡಿಯುವುದರಲ್ಲಿ ನಾಚಿಕೆಯೇನೂ ಬೇಡ. ಆಲಿಕೆಯ ಅಂಚಿನಲ್ಲಿರುವವರನ್ನು ಅದು ಬೀಳದಂತೆ ಕಾಯುತ್ತದೆ. ಮನೆಯಲ್ಲಿ ಹಿರಿಯರಿರುವವರು ಅವರ ಎತ್ತರವನ್ನು ವರ್ಷಕ್ಕೊಮ್ಮೆ ಬಾಗಿಲ ಚೌಕಟ್ಟಿನಲ್ಲಿ, ಮಕ್ಕಳ ಗೆರೆಗಳ ಪಕ್ಕದಲ್ಲಿಯೇ ಗುರುತುಮಾಡಿಡಲಿ. ಆ ಗೆರೆಯು ಮೆಲ್ಲಮೆಲ್ಲನೆ ಇಳಿದರೆ ಅದು ವಯಸ್ಸಿನ ಸಹಜವಾದ ನಡೆ. ಒಂದೇ ಸಲಕ್ಕೆ ಜಾರಿದರೆ ಅಂದೇ ವೈದ್ಯರ ಬಾಗಿಲನ್ನು ತಟ್ಟತಕ್ಕದ್ದು.